ಮನೆತುಂಬುವ ಕೇಕು

ಮಗನ ಮದುವೆಯ ಮುನ್ನಾದಿನ ಬೆಳಿಗ್ಗೆ ಎಲ್ಸ್‌ಪೆಟ್ ಮೇರ್ ಬೆಣ್ಣೆ ತೊಳೆಯಲು ಕೂತಳು. ಹೊರಗೆ ಹುಲ್ಲು ಅಲುಗುವಷ್ಟು ಗಾಳಿಯೂ ಇರಲಿಲ್ಲ. ಹಟ ಮಾಡಿ, ಅತ್ತು ಸುಸ್ತಾದ ಮಗುವನ್ನು ಯಾರೋ ತಟ್ಟಿ ಮಲಗಿಸಿದ ಹಾಗೆ ಸಮುದ್ರ ತೆಪ್ಪಗೆ ಬಿದ್ದುಕೊಂಡಿತ್ತು. ಇಂಥ ಬೆಳಗು ಕಂಡಾಗ ಅದನ್ನು ಕೊಟ್ಟವನಿಗೆ ಒಂದು ಮಾತು ಹೇಳುವ ರೂಢಿ ಅವಳಿಗಿತ್ತು. ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ತುಟಿ ಅಲುಗಿಸಿದರೆ ಮುಗಿಯಿತು. ಅವತ್ತು ಅವಳು ಬಾಗಿಲಿಗೇ ಹೋಗಲಿಲ್ಲ.

ಬೆಣ್ಣೆ ಬಂದದ್ದು ಬೀಗರ ಮನೆಯಿಂದ. ಗುಡ್ಡದಾಚೆ ಹೊಲಮನೆಯಲ್ಲಿ ಹಸು ಕರೆಯುವ ಮದುಮಗಳು ಆನಾಬೆಲ್ ತಾನೇ ಕಡೆದು, ಕೋಸಿನ ಎಲೆಯಲ್ಲಿ ಸುತ್ತಿ ಕಳಿಸಿದ್ದಳು. ಕೆಡದಿರಲಿ ಎಂದು ಉಪ್ಪು ಹಾಕಿದ ಬೆಣ್ಣೆ. ಕೇಕಿಗೆ ಆ ಉಪ್ಪು ಇಳಿಯಬೇಕು. ಎಲ್ಸ್‌ಪೆಟ್ ಬಾವಿಯ ತಣ್ಣೀರಿನಲ್ಲಿ ಅದನ್ನು ಮುಳುಗಿಸಿ ಹಿಂಡಿದಳು, ನೀರು ಚೆಲ್ಲಿದಳು, ಮತ್ತೆ ಮುಳುಗಿಸಿ ಮತ್ತೆ ಹಿಂಡಿದಳು.

"ಅದೇನು ಬೆಣ್ಣೇನೋ ಒಗೆಯೋ ಬಟ್ಟೇನೋ?" ಎಂದಿತು ಗೋಡೆಯೊಳಗಿನಿಂದ ಒಂದು ದನಿ.

ಗೋಡೆಯೊಳಗೆ ಕದವಿದ್ದ ಪೆಟ್ಟಿಗೆಮಂಚವಿತ್ತು. ಅದರೊಳಗೆ ಮೂರು ದಿಂಬಿಗೆ ಒರಗಿಕೊಂಡು ಅತ್ತೆ ಕರ್ಸ್ಟಿ ಕೂತಿದ್ದಳು. ಕಾಲು ಬಿದ್ದುಹೋಗಿ ಎಷ್ಟೋ ಚಳಿಗಾಲ ಕಳೆದಿತ್ತು. ಬಿದ್ದದ್ದು ಕಾಲು ಮಾತ್ರ. ಕಿವಿ, ಕಣ್ಣು, ನಾಲಿಗೆ ಮೂರೂ ಹರೆಯದಲ್ಲಿ ಇದ್ದ ಹಾಗೆಯೇ ಇದ್ದವು. ಅವಳ ತಲೆಯ ಬಳಿ, ಮಂಚದ ಕಂಬಕ್ಕೆ ಬಲೆಯ ದಾರದಿಂದ ಕಟ್ಟಿ ನೇತುಹಾಕಿದ ಕಬ್ಬಿಣದ ಇಕ್ಕಳವಿತ್ತು. ಬೆಂಕಿಗೂಡಿನ ಇಕ್ಕಳ.

ಎಲ್ಸ್‌ಪೆಟ್ ಆ ಕಡೆ ನೋಡಲಿಲ್ಲ. ನೋಡದೆಯೂ ಅದು ಎಲ್ಲಿದೆ ಎಂದು ಅವಳ ಬೆನ್ನಿಗೆ ಗೊತ್ತಿರುತ್ತಿತ್ತು.

ಪೋರ್ಟ್‌ಕಾರ್ನಿನ ಬೆಸ್ತರಲ್ಲಿ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ಗಂಡನ ತಾಯಿ ಅವಳ ತಲೆಯ ಮೇಲೆ ಒಂದು ಕೇಕನ್ನು ಮುರಿಯುತ್ತಾಳೆ. ಬೆಣ್ಣೆ, ಸಕ್ಕರೆ, ಹಿಟ್ಟು, ಒಂದು ಚಿಟಿಕೆ ಶಾಜೀರಿಗೆ ಇಷ್ಟರದೇ ಕೇಕು. ಅದು ಪುಡಿಪುಡಿಯಾಗಿ ಹೆಗಲ ಮೇಲೆ ಉದುರಿದರೆ ಮನೆ ತುಂಬುತ್ತದೆ. ಮದುವೆಯಾಗದವರು ಆ ಚೂರುಗಳಿಗೆ ಮುಗಿಬಿದ್ದು, ದಿಂಬಿನಡಿ ಇಟ್ಟು ಮಲಗಿ, ತಮಗೆ ಬರುವವರನ್ನು ಕನಸಿನಲ್ಲಿ ಕಾಣುತ್ತಾರೆ. ಕೇಕು ಮುರಿಯದಿದ್ದರೆ ಏನಾಗುತ್ತದೆ ಎಂಬುದನ್ನು ಆ ಊರಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ.

ಅದಾದ ಮೇಲೆ ಮದುಮಗಳನ್ನು ಬೆಂಕಿಗೂಡಿನ ಬಳಿಗೆ ಕರೆತಂದು ಕೈಗೆ ಇಕ್ಕಳ ಕೊಡುತ್ತಾರೆ. ಆ ಊರಿನ ಉರುವಲು ಸೌದೆಯಲ್ಲ, ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ; ಉರಿಯುವ ಅಂಥ ಹೆಂಟೆಯೊಂದನ್ನು ಅವಳು ತಿರುಗಿಸಿ ಇಡುತ್ತಾಳೆ. ಅಲ್ಲಿಂದ ಆ ಬೆಂಕಿ ಅವಳದು. ಬೆಂಕಿ ಅವಳದಾದರೆ ಮನೆಯೂ ಅವಳದು.

ಎಲ್ಸ್‌ಪೆಟ್‌ಳ ತಲೆಯ ಮೇಲೂ ಒಮ್ಮೆ ಕರ್ಸ್ಟಿ ಕೇಕು ಮುರಿದಿದ್ದಳು. ಚೆನ್ನಾಗಿಯೇ ಉದುರಿತ್ತು. ಆಮೇಲೆ ಬೆಂಕಿಯ ಬಳಿ ನಿಂತು ಸೊಸೆ ಕೈ ಚಾಚಿದಾಗ, "ಕೈ ಎಷ್ಟು ತಣ್ಣಗಿದೆ ನೋಡು. ನಾಳೆ ಹಿಡಿಯುವೆಯಂತೆ," ಎಂದು ಇಕ್ಕಳವನ್ನು ಮತ್ತೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನೆಂಟರು ನಕ್ಕಿದ್ದರು. ಗಂಡ ಆರ್ಚಿಯೂ ನಕ್ಕಿದ್ದ. ಆ ನಾಳೆ ಬರಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಬರಲಿಲ್ಲ.

ಮೊದಲ ವರ್ಷ ಎಲ್ಸ್‌ಪೆಟ್ ಕೇಳಿ ತೆಗೆದುಕೊಳ್ಳುತ್ತಿದ್ದಳು. "ಅತ್ತೆ, ಇಕ್ಕಳ ಕೊಡ್ತೀರಾ?" ಬೆಳಿಗ್ಗೆ ಬೆಂಕಿ ಎಬ್ಬಿಸಲು ಕೇಳಬೇಕು, ಮಧ್ಯಾಹ್ನ ಕೇಳಬೇಕು, ಸಂಜೆ ಬೆಂಕಿಯನ್ನು ಬೂದಿಯಲ್ಲಿ ಮುಚ್ಚುವಾಗ ಕೇಳಬೇಕು, ಕೆಲಸವಾದ ಕೂಡಲೇ ಒರೆಸಿ ಮರಳಿಸಬೇಕು. ಒಂದು ದಿನ ಕೇಳುವುದನ್ನು ಬಿಟ್ಟಳು. ಆರ್ಚಿಯ ದೋಣಿಯ ಮುರಿದ ಕೊಕ್ಕೆಯೊಂದು ಮೂಲೆಯಲ್ಲಿತ್ತು. ಅದರಲ್ಲೇ ಹೆಂಟೆ ಎಳೆದಳು, ಕೆಂಡ ದೂಡಿದಳು. ಆಗದಿದ್ದಾಗ ಬೆರಳಲ್ಲೇ ಎತ್ತಿದಳು. ಅವಳ ಬಲಗೈ ಬೆರಳ ತುದಿಗಳು ಈಗ ನುಣ್ಣಗೆ, ಹೊಳೆಯುತ್ತ, ಗೆರೆಯಿಲ್ಲದೆ ಇದ್ದವು. ಆ ಕೈಯಲ್ಲೇ ಗಾಳಗಳಿಗೆಲ್ಲ ಎರೆ ಸಿಕ್ಕಿಸಿದ್ದಳು. ಗಂಡನನ್ನು ಬೆನ್ನಮೇಲೆ ಹೊತ್ತು, ಸೊಂಟದವರೆಗಿನ ನೀರಿನಲ್ಲಿ ನಡೆದು, ಅವನ ಕಾಲು ನೆನೆಯದ ಹಾಗೆ ದೋಣಿ ಹತ್ತಿಸಿದ್ದಳು. ಒಂದು ಮಾರ್ಚ್ ತಿಂಗಳಲ್ಲಿ ದೋಣಿ ಬರಲಿಲ್ಲ, ಆರ್ಚಿಯೂ ಬರಲಿಲ್ಲ. ಆಗ ಊರವರು ಅವಳ ಕಾಲ್ಗುಣದ ಮಾತಾಡಿದರು. ಅತ್ತೆ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಳು.

ಬೆಣ್ಣೆಯ ನೀರು ಬಸಿದು ಎಲ್ಸ್‌ಪೆಟ್ ಅದನ್ನು ಮರದ ಬೋಗುಣಿಗೆ ಹಾಕಿದಳು. ಸಕ್ಕರೆ ಸುರಿದು ಅಂಗೈಯ ಬುಡದಲ್ಲಿ ಉಜ್ಜತೊಡಗಿದಳು. ಬೆಣ್ಣೆ ಬಿಳುಪಾಗಿ, ಸಕ್ಕರೆಯ ಕರಕರ ಸದ್ದು ಅಡಗುವವರೆಗೆ ಉಜ್ಜಬೇಕು. ಆಮೇಲೆ ಗೋಧಿಹಿಟ್ಟು, ಅದರ ಜೊತೆ ಒಂದು ಹಿಡಿ ಅಕ್ಕಿಹಿಟ್ಟು, ಚಿಟಿಕೆ ಶಾಜೀರಿಗೆ; ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪ. ಇಲ್ಲಿಂದ ಮುಂದೆ ಕೈ ಹಗುರವಾಗಿರಬೇಕು. ಹಿಟ್ಟು ಒಂದಕ್ಕೊಂದು ಅಂಟಿತೋ ಇಲ್ಲವೋ ಅನ್ನುವಾಗಲೇ ನಿಲ್ಲಿಸಬೇಕು. ಒಂದೆರಡು ಸಲ ಹೆಚ್ಚು ನಾದಿದರೂ, ಕೈಯ ಬಿಸಿಗೆ ಬೆಣ್ಣೆ ಕರಗಿದರೂ, ಬೆಂದ ಮೇಲೆ ಕೇಕು ಚಪ್ಪಡಿಯಾಗುತ್ತದೆ. ಇದು ಆ ಊರಿನ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡದೆ ಗೊತ್ತಿರುವ ವಿಷಯ.

"ಎಲ್ಸ್‌ಪೆಟ್."

"ಹೇಳಿ ಅತ್ತೆ."

"ನಾಳೆ ಆ ಹುಡುಗಿ ಒಳಗೆ ಬಂದ ತಕ್ಷಣ ಸೀದಾ ನನ್ನ ಹತ್ರ ಕರ್ಕೊಂಡು ಬಾ. ಇಕ್ಕಳ ನಾನೇ ಕೊಡ್ತೀನಿ."

ಬೋಗುಣಿಯಲ್ಲಿ ಕೈ ನಿಂತಿತು. "ಯಾರಿಗೆ?"

"ಯಾರಿಗೇನು, ಆನಾಬೆಲ್‌ಗೆ. ನನ್ನ ಮೊಮ್ಮಗನ ಹೆಂಡತಿಗೆ. ಇನ್ನೇನು ನಾನು ಸಮಾಧಿಗೆ ಹೊತ್ಕೊಂಡು ಹೋಗ್ಲಾ?"

"ನಡುವೆ ನಾನು ಒಬ್ಬಳು ಇದ್ದೀನಿ ಅತ್ತೆ."

"ಇದ್ದೀಯ. ಇಲ್ಲ ಅಂದೋರು ಯಾರು?" ಕರ್ಸ್ಟಿ ದಿಂಬು ಸರಿಮಾಡಿಕೊಂಡಳು. "ಆದ್ರೆ ಈ ಮನೆ ಮೇರ್ ಗಂಡಸರದ್ದು ಕಣೇ. ಆರ್ಚಿ ಇದ್ದಿದ್ರೆ ಆ ಮಾತು ಬೇರೆ. ಅವನು ಹೋದ ಮೇಲೆ ನೀನು ಇಲ್ಲಿರೋದು ನಾನು ಹೋಗು ಅನ್ನದೆ ಇರೋದ್ರಿಂದ."

ಉತ್ತರ ಕೊಟ್ಟದ್ದು ಎಲ್ಸ್‌ಪೆಟ್‌ಳ ಕೈ. ಹಿಟ್ಟಿನ ಮುದ್ದೆಯನ್ನು ಎತ್ತಿ ಹಲಗೆಯ ಮೇಲೆ ಕುಕ್ಕಿದಳು. ಮಡಿಸಿದಳು, ಒತ್ತಿದಳು. ಮತ್ತೆ ಮಡಿಸಿ ಮತ್ತೆ ಒತ್ತಿದಳು. ಹಲಗೆ ಮೇಜಿನ ಮೇಲೆ ಕುಣಿಯಿತು. ನಾನು ಯಾರು ಈ ಮನೆಗೆ? ಇವಳ ಮಲಮೂತ್ರ ಎತ್ತಿದವಳು ಯಾರು? ಇವಳ ಕಾಲಿಗೆ ಬಿಸಿ ಇಟ್ಟಿಗೆ ಸುತ್ತಿಟ್ಟವಳು ಯಾರು? ಆ ಇಟ್ಟಿಗೆಯನ್ನೂ ಬೆರಳಲ್ಲೇ ಬೆಂಕಿಯಿಂದ ಎಳೆದವಳು ಯಾರು? ಪ್ರತಿ ಪ್ರಶ್ನೆಗೂ ಒಂದು ಗುದ್ದು.

"ಸಾಕು ನಿಲ್ಸು," ಎಂದಳು ಕರ್ಸ್ಟಿ. ಅವಳ ದನಿಯಲ್ಲಿ ಮೊದಲ ಸಲ ಗಾಬರಿ ಇತ್ತು. "ನಂಗೆ ಶಬ್ದದಲ್ಲೇ ಗೊತ್ತಾಗುತ್ತೆ. ಅದು ಮನೆತುಂಬುವ ಕೇಕು ಕಣೇ, ಸತ್ತ ಮೀನಲ್ಲ. ಹಾಗೆ ಬಡಿದ್ರೆ ಕಲ್ಲಾಗುತ್ತೆ."

"ಆಗ್ಲಿ."

"ಏನಂದೆ?"

"ಚೆನ್ನಾಗಿ ಆಗ್ಲಿ ಅಂದೆ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಎಫಿ ಬಂದಳು. ಸೆರಗಿನಂತೆ ಹೊದ್ದ ಶಾಲಿನಡಿಯಿಂದ ಮರದ ಅಚ್ಚು ತೆಗೆದು ಮೇಜಿನ ಮೇಲಿಟ್ಟಳು. ನಡುವೆ ಮುಳ್ಳುಹೂವಿನ ಕೆತ್ತನೆ ಇದ್ದ ದುಂಡನೆಯ ಅಚ್ಚು. ಆ ಸಾಲಿನ ಮನೆಗಳಿಗೆಲ್ಲ ಅದೊಂದೇ.

"ತಗೋ, ನನ್ನ ಮಗಳ ಮದುವೆ ಆದ್ಮೇಲೆ ಇದಕ್ಕೆ ಕೆಲಸಾನೇ ಇರ್ಲಿಲ್ಲ," ಎಂದಳು. ಆಮೇಲೆ ಹಿಟ್ಟಿನ ಕಡೆ ನೋಡಿದಳು. ಮುದ್ದೆಯ ಮೇಲೆ ಎಣ್ಣೆಯ ಹೊಳಪು ಬಂದಿತ್ತು. ಬೆರಳಿಂದ ಒತ್ತಿ ನೋಡಿದಳು, ಮುಖ ಬಾಡಿತು. "ಎಲ್ಸ್‌ಪೆಟ್... ಇದು ಜಾಸ್ತಿ ಆಯ್ತಲ್ವಾ?"

"ಇನ್ನೂ ಬೆಣ್ಣೆ ಇದೆ," ಎಂದಿತು ಮಂಚ. "ಅದನ್ನ ಆಚೆ ಎಸೆದು ಬೇರೆ ಮಾಡು ಅಂತ ಹೇಳು ಎಫಿ. ನನ್ನ ಮಾತು ಅವಳಿಗೆ ಕೇಳಲ್ಲ."

"ಹೌದು ಕಣೇ, ಬೇರೆ ಮಾಡ್ಬಿಡು. ನಾನೂ ಕೈ ಹಾಕ್ತೀನಿ, ಒಂದು ಗಳಿಗೆ ಕೆಲಸ."

ಎಲ್ಸ್‌ಪೆಟ್ ಅಚ್ಚಿಗೆ ಹಿಟ್ಟು ಉದುರಿಸಿದಳು. ಮುದ್ದೆಯನ್ನು ಅದರಲ್ಲಿಟ್ಟು, ಅಂಗೈಯಿಂದ ಅದುಮಿ ಸಮ ಮಾಡಿದಳು. ಬೋರಲು ಹಾಕಿ ಒಂದೇ ಏಟು ಕೊಟ್ಟಾಗ ಮುಳ್ಳುಹೂವು ಒಂದು ಎಸಳೂ ಕೆಡದೆ ಹಲಗೆಗೆ ಇಳಿಯಿತು. ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸುತ್ತಲೂ ಚಿವುಟುತ್ತ ಬಂದಳು. ಮೇಲೆಲ್ಲ ಕಡ್ಡಿಯಿಂದ ಚುಚ್ಚಿದಳು. ಅಷ್ಟು ಚೆಂದದ ಅಂಚನ್ನು ಅವಳು ಹಿಂದೆಂದೂ ಚಿವುಟಿರಲಿಲ್ಲ. ಬೇರೆ ಮಾಡಬಹುದಿತ್ತು. ಬೆಣ್ಣೆ ಇತ್ತು, ಹಿಟ್ಟಿತ್ತು, ಹೊತ್ತೂ ಇತ್ತು. ಕೇಕು ಮುರಿಯದಿದ್ದರೆ ಮನೆತುಂಬುವುದು ನಿಲ್ಲುತ್ತದೆ. ಅದು ನಿಂತರೆ ನಾಳೆ ಆ ಇಕ್ಕಳ ಯಾರ ಕೈಗೂ ಹೋಗುವುದಿಲ್ಲ. ಅವಳು ಇಷ್ಟನ್ನು ಮಾತ್ರ ಯೋಚಿಸಿದಳು. ಅದರಾಚೆ ಯೋಚಿಸಲು ಸಿಟ್ಟು ಬಿಡಲಿಲ್ಲ.

ಎಫಿ ಹೋಗುವಾಗ ಬಾಗಿಲಲ್ಲಿ ಅವಳ ತೋಳು ಹಿಡಿದು ಪಿಸುಗುಟ್ಟಿದಳು. "ಮುದುಕಿ ಮೇಲಿನ ಸಿಟ್ಟನ್ನ ತಿನ್ನೋ ಪದಾರ್ಥದ ಮೇಲೆ ತೀರಿಸ್ಬೇಡ ಕಣೇ. ದೇವರು ನೋಡ್ತಿರ್ತಾನೆ."

"ನೋಡ್ತಿರ್ತಾನೆ. ಇಪ್ಪತ್ತು ವರ್ಷದಿಂದ ನೋಡ್ತಾನೇ ಇದ್ದಾನೆ," ಎಂದಳು ಎಲ್ಸ್‌ಪೆಟ್.

ಕೇಕನ್ನು ಅಗಲವಾದ ಕಬ್ಬಿಣದ ಪಾತ್ರೆಯಲ್ಲಿಟ್ಟು ಮುಚ್ಚಳ ಮುಚ್ಚಿ ಬೆಂಕಿಯ ಅಂಚಿಗೆ ಇಳಿಸಿದಳು. ಕೆಳಗೆ ಮಂದ ಉರಿ, ಮುಚ್ಚಳದ ಮೇಲೆ ಕೆಂಡ. ಕೆಂಡವನ್ನು ಒಂದೊಂದೇ ಎತ್ತಿ ಜೋಡಿಸಬೇಕು.

"ಇಕ್ಕಳ ಬೇಕೇನೇ?" ಎಂದಳು ಕರ್ಸ್ಟಿ.

"ಬೇಡ."

"ಕೇಳಿದ್ರೆ ಕೊಡ್ತೀನಿ. ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?"

ಅದು ನಿಜವಾಗಿತ್ತು, ಆ ನಿಜವೇ ಉರಿಸುತ್ತಿತ್ತು. ಎಲ್ಸ್‌ಪೆಟ್ ಬೆರಳಲ್ಲೇ ಕೆಂಡ ಎತ್ತಿಟ್ಟಳು. ಬೆಣ್ಣೆಯ ಘಮ ಮನೆಯನ್ನೆಲ್ಲ ತುಂಬಿತು. ಅವಳು ಅದನ್ನು ಮೂಸಲೂ ಇಲ್ಲ.

ಸಂಜೆ ಮಗ ಅಲಿಕ್ ಬಂದ. ಮದುವೆಗೆಂದು ಕೂದಲು ಕತ್ತರಿಸಿಕೊಂಡು, ಕಿವಿ ಎರಡೂ ಹೊರಗೆ ಬಂದು, ಹೊಸಬನಂತೆ ಕಾಣುತ್ತಿದ್ದ. ಒಣಹುಲ್ಲಿನ ಬಣ್ಣಕ್ಕೆ ಬಂದ ಕೇಕನ್ನು ನೋಡಿ, "ಏನ್ ಚೆನ್ನಾಗಿದೆ ಅಮ್ಮಾ!" ಎಂದ. ಎಲ್ಸ್‌ಪೆಟ್ ಅವನನ್ನು ಹಿತ್ತಲಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದಳು. ಕೇಕಿನ ಸಂಗತಿ ಒಂದನ್ನು ಬಿಟ್ಟು.

ಅಲಿಕ್ ತಲೆ ಕೆರೆದುಕೊಂಡ. "ಒಂದು ಇಕ್ಕಳಕ್ಕೆ ಇಷ್ಟೊಂದು ಜಗಳಾನಾ? ಯಾರ ಕೈಲಿದ್ರೇನು, ಬೆಂಕಿ ಉರಿದ್ರೆ ಸಾಕಲ್ವಾ? ಪೇಟೆಯಿಂದ ಇನ್ನೊಂದು ತಂದುಕೊಡ್ತೀನಿ ಬಿಡು."

"ನಿಮ್ಮಪ್ಪಾನೂ ಇದೇ ಮಾತು ಅಂದಿದ್ದ," ಎಂದಳು ಎಲ್ಸ್‌ಪೆಟ್. "ಹೋಗು. ಬೂಟು ಉಜ್ಕೋ ಹೋಗು."

ಮಲಗುವ ಮುಂಚೆ ಪ್ರಾರ್ಥನೆಗೆ ಮೊಣಕಾಲೂರಿದಳು. ಚಿಕ್ಕಂದಿನಿಂದ ಹೇಳಿದ ಪ್ರಾರ್ಥನೆ, ನಾಲಿಗೆ ತಾನೇ ಓಡುತ್ತಿತ್ತು. ಕ್ಷಮೆಯ ಮಾತು ಬರುವ ಸಾಲಿಗೆ ಬಂದು ನಿಂತುಬಿಟ್ಟಿತು. ಅವಳು ಅದನ್ನು ದಾಟಿಸಿ ಮುಂದಿನ ಸಾಲು ಹೇಳಲೂ ಇಲ್ಲ, ಹಿಂದಕ್ಕೆ ಹೋಗಲೂ ಇಲ್ಲ. ಎದ್ದು ಮಲಗಿದಳು.

ಮರುದಿನ ದಿಬ್ಬಣ ಚರ್ಚಿಗೆ ಹೋಯಿತು. ಹುಡುಗನ ತಾಯಿ ಮನೆಯಲ್ಲೇ ಉಳಿದು ಹೊಸ್ತಿಲು ಕಾಯುವುದು ಪದ್ಧತಿ. ಎಲ್ಸ್‌ಪೆಟ್ ಕಪ್ಪು ಉಡುಪು ತೊಟ್ಟು, ಬಿಳಿ ಕರವಸ್ತ್ರದ ಮೇಲೆ ಕೇಕನ್ನಿಟ್ಟುಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಳು. ಕರ್ಸ್ಟಿ ಹೊಸ ಟೋಪಿ ಹಾಕಿಸಿಕೊಂಡು, ಮಂಚದ ಕದ ಪೂರ್ತಿ ತೆರೆಸಿ, ಇಕ್ಕಳವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ದಾರ ಇನ್ನೂ ಕಂಬಕ್ಕೇ ಕಟ್ಟಿತ್ತು.

ಪಿಟೀಲಿನ ಸದ್ದು ಗುಡ್ಡದಿಂದ ಇಳಿಯಿತು. ಯಾರೋ ಗಾಳಿಗೆ ಬಂದೂಕು ಹಾರಿಸಿದರು, ನಾಯಿಗಳು ಬೊಗಳಿದವು, ಊರೆಲ್ಲ ಅಂಗಳಕ್ಕೆ ಬಂತು. ಹೊಲದ ಕಡೆಯವರು ಒಂದು ಗುಂಪಾಗಿ, ಬೆಸ್ತರು ಒಂದು ಗುಂಪಾಗಿ, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು ನಿಂತರು. ಆನಾಬೆಲ್ ಹೊಸ್ತಿಲಿಗೆ ಬಂದಳು. ದಪ್ಪ ಮೈಯ, ಕೆಂಪು ಕೆನ್ನೆಯ ಹುಡುಗಿ. ಎಫಿ ಅವಳ ತಲೆಯ ಮೇಲೆ ಬಿಳಿ ಬಟ್ಟೆ ಹಾಸಿದಳು.

ಎಲ್ಸ್‌ಪೆಟ್ ಕೇಕನ್ನು ಎತ್ತಿ, ಎರಡು ಕೈಯಲ್ಲಿ ಹಿಡಿದು, ಹುಡುಗಿಯ ತಲೆಯ ಮೇಲೆ ಅದುಮಿದಳು. ಮುರಿಯಲಿಲ್ಲ.

ಜನ ಇನ್ನೂ ನಗುತ್ತಲೇ ಇದ್ದರು. ಎರಡನೆಯ ಸಲ ಅದುಮಿದಳು. ಕೇಕು ಬಾಗಲೂ ಇಲ್ಲ. ಪಿಟೀಲು ಸ್ವರ ತಪ್ಪಿ ನಿಂತಿತು. ಬಟ್ಟೆಯ ಕೆಳಗಿನಿಂದ ಆನಾಬೆಲ್ ಮೆಲ್ಲಗೆ ಅಂದಳು, "ಅತ್ತೆ, ಸ್ವಲ್ಪ ಜೋರಾಗೇ ಮುರೀರಿ, ಪರವಾಗಿಲ್ಲ. ಹಸು ಒದ್ದ ತಲೆ ಇದು."

ಮೂರನೆಯ ಸಲ ಎಲ್ಸ್‌ಪೆಟ್ ಮೈಭಾರವನ್ನೆಲ್ಲ ಹಾಕಿ ಅದುಮಿದಳು. ಕೇಕಿನ ಅಂಚು ಜಾರಿ ಹುಡುಗಿಯ ಹಣೆಗೆ ಬಡಿಯಿತು. ಆನಾಬೆಲ್ "ಅಮ್ಮಾ" ಎಂದು ತುಟಿ ಕಚ್ಚಿಕೊಂಡಳು.

ಇದೇ ಎಲ್ಸ್‌ಪೆಟ್ ಕಾದ ಗಳಿಗೆ. ಈಗ ಎಲ್ಲರೂ ತಿರುಗಿ ಮಂಚದ ಕಡೆ ನೋಡುತ್ತಾರೆ, ಆ ಮುದುಕಿ ಮಡಿಲಲ್ಲಿ ಇಕ್ಕಳ ಇಟ್ಟುಕೊಂಡು ಏನೂ ಮಾಡಲಾಗದೆ ಕೂರುತ್ತಾಳೆ ಎಂದು ಅವಳು ಎಣಿಸಿದ್ದಳು. ಯಾರೂ ಮಂಚದ ಕಡೆ ನೋಡಲಿಲ್ಲ. ಎಲ್ಲರೂ ನೋಡಿದ್ದು ಬಿಳಿ ಬಟ್ಟೆಯಡಿ ತಲೆ ತಗ್ಗಿಸಿ ನಿಂತ ಹುಡುಗಿಯನ್ನು.

"ಹೊಲದ ಕಡೆ ಹೆಣ್ಣು ಬೇಡ ಅಂತ ನಾನು ಅವತ್ತೇ ಹೇಳಿದ್ದೆ," ಎಂದ ಬೆಸ್ತರ ಗುಂಪಿನಲ್ಲಿ ಒಬ್ಬ.

"ಕೇಕೇ ಒಲ್ಲೆ ಅನ್ನುತ್ತೆ ಅಂದ್ರೆ ನೋಡಿ."

"ಪಾಪ ಅಲಿಕ್. ದೋಣಿಗೆ ಹೋಗೋ ಗಂಡಸು. ಇಂಥ ಕಾಲ್ಗುಣದವಳನ್ನ ಮನೇಲಿಟ್ಕೊಂಡು..."

ಆ ಮಾತು ಎಲ್ಸ್‌ಪೆಟ್‌ಳ ಎದೆಗೆ ಬಿತ್ತು. ಅದೇ ಮಾತು, ಹೇಳಿದವಳೂ ಅವಳೇ, ಮೂಲೆಮನೆಯ ದಪ್ಪ ಹೆಂಗಸು. ಆರ್ಚಿಯ ದೋಣಿ ಬಾರದ ಬೆಳಿಗ್ಗೆ ಇದೇ ಅಂಗಳದಲ್ಲಿ, ಇದೇ ಕರುಣೆಯ ದನಿಯಲ್ಲಿ ಅಂದಿದ್ದಳು. ನಾಳೆ ಅಲಿಕ್‌ನ ದೋಣಿ ಒಂದು ದಿನ ತಡವಾದರೂ ಇವರೆಲ್ಲ ಈ ಹುಡುಗಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅದನ್ನು ಇವಳ ಹಣೆಗೆ ಬರೆದದ್ದು ಯಾರು? ತಾನೇ, ನಿನ್ನೆ, ಹಲಗೆಯ ಮೇಲೆ, ಗುದ್ದಿ ಗುದ್ದಿ ಬರೆದದ್ದು.

ಎಲ್ಸ್‌ಪೆಟ್‌ಗೆ ತನ್ನ ಮೇಲೆ ಬಂದಂಥ ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಆದರೆ ಆ ಸಿಟ್ಟಿಗೆ ಅಲ್ಲೇ ನಿಲ್ಲುವ ತಾಳ್ಮೆ ಇರಲಿಲ್ಲ.

"ಬಾಯಿ ಮುಚ್ಚೇ!" ಎಂದು ಅಂಗಳಕ್ಕೆ ಕೇಳುವಂತೆ ಕಿರುಚಿದಳು. "ಈ ಕೇಕು ನಾದಿದ್ದು ನಾನು. ಗಟ್ಟಿಯಾಗಿದ್ರೆ ನನ್ನ ಕೈಯಿಂದ ಆಗಿದೆ, ಅವಳ ಕಾಲಿಂದಲ್ಲ! ಇನ್ನೊಂದು ಸಲ ಆ ಮಾತು ಎತ್ತಿದ್ರೆ ಈ ಕೇಕಿಂದಾನೇ ನಿನ್ನ ಹಲ್ಲು ಉದುರಿಸ್ತೀನಿ. ಉದುರಿಸೋಷ್ಟು ಗಟ್ಟಿಯಾಗಿದೆ ಇದು!"

ಹೊಲದವರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಕೇಕನ್ನು ಆನಾಬೆಲ್‌ಳ ಕೈಗೆ ತುರುಕಿ, "ಹಿಡ್ಕೊ, ಒಳಗೆ ಕಾಲಿಡಬೇಡ," ಎಂದು ಎಲ್ಸ್‌ಪೆಟ್ ಮನೆಯೊಳಕ್ಕೆ ನುಗ್ಗಿದಳು. ಸೀದಾ ಮಂಚದ ಬಳಿಗೆ. ಇಕ್ಕಳಕ್ಕೆ ಕೈ ಹಾಕಿದಳು.

ಕರ್ಸ್ಟಿ ಬಿಡಲಿಲ್ಲ. ಒಣಗಿದ ಆ ಎರಡು ಕೈಯಲ್ಲಿ ಅಷ್ಟು ಬಲವಿದೆ ಎಂದು ಯಾರೂ ನಂಬುತ್ತಿರಲಿಲ್ಲ. "ಕೇಳಿ ತಗೊಳ್ಳೇ!" ಎಂದಳು.

"ಕೇಳಲ್ಲ."

"ಕೇಳೇ ಅಂದೆ!"

"ಕೇಳಿ ಕೇಳಿ ನನ್ನ ಬಾಯಿ ಸವೆದುಹೋಯ್ತು ಅತ್ತೆ. ಬಿಡಿ!"

ಎಳೆದಳು. ಬಲೆಯ ದಾರ ಬಿಗಿಯಾಯಿತು, ಕಂಬ ಕಿರ್ರೆಂದಿತು, ದಾರ ಪಟಕ್ಕನೆ ಹರಿಯಿತು. ಇಕ್ಕಳ ಎಲ್ಸ್‌ಪೆಟ್‌ಳ ಕೈಯಲ್ಲಿತ್ತು. ಅದು ತಾನು ನೆನೆದುಕೊಂಡದ್ದಕ್ಕಿಂತ ಹಗುರವಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಹೊಸ್ತಿಲಿಗೆ ಬಂದಳು. "ತಲೆ ಮೇಲೆ ಎತ್ತಿ ಹಿಡಿ. ಕೈ ಗಟ್ಟಿ ಇರ್ಲಿ."

ಆನಾಬೆಲ್ ಕೇಕನ್ನು ಎರಡು ಅಂಚಿನಲ್ಲಿ ಹಿಡಿದು ತನ್ನ ತಲೆಯ ಮೇಲಕ್ಕೆ ಎತ್ತಿದಳು. ಕಣ್ಣು ಮುಚ್ಚಲಿಲ್ಲ. ಅಲಿಕ್ "ಅಮ್ಮಾ!" ಎಂದು ಮುಂದೆ ಬಂದ.

"ನೀನು ದೂರ ನಿಲ್ಲೋ. ಇದು ನಿನ್ನ ಕೆಲಸ ಅಲ್ಲ."

ಎಲ್ಸ್‌ಪೆಟ್ ಇಕ್ಕಳವನ್ನು ಬೀಸಿ ಮುಳ್ಳುಹೂವಿನ ನಡುಮಧ್ಯಕ್ಕೆ ಹೊಡೆದಳು. ಒಂದೇ ಏಟು. ಹೆಂಚು ಒಡೆದ ಸದ್ದಾಯಿತು. ಕೇಕು ಸಿಡಿದು, ಅದರ ಚೂರುಗಳು ಬಿಳಿ ಬಟ್ಟೆಯ ಮೇಲೆ, ಹುಡುಗಿಯ ಹೆಗಲ ಮೇಲೆ, ಅಂಗಳದ ಕಲ್ಲುಗಳ ಮೇಲೆ ಆಲಿಕಲ್ಲಿನಂತೆ ಬಿದ್ದವು. ಒಂದು ಗಳಿಗೆ ಯಾರೂ ಅಲುಗಲಿಲ್ಲ. ಆಮೇಲೆ ಹೊಲದ ಕಡೆಯ ಹುಡುಗಿಯೊಬ್ಬಳು ಓಡಿಬಂದು ಒಂದು ಚೂರು ಹೆಕ್ಕಿದಳು. ಅಷ್ಟೇ ಸಾಕಾಯಿತು. ಬೆಸ್ತರೂ ಹೊಲದವರೂ ಒಬ್ಬರ ಮೇಲೊಬ್ಬರು ಬಿದ್ದು, ತಳ್ಳಾಡಿ, ಚೂರುಗಳನ್ನು ಜೇಬಿಗೆ ತುಂಬಿಕೊಂಡರು. ಪಿಟೀಲಿನವನಿಗೆ ತನ್ನ ಕೆಲಸ ನೆನಪಾಯಿತು.

ಎಫಿ ಒಂದು ಚೂರನ್ನು ಕಚ್ಚಿ ನೋಡಿ ದವಡೆ ಹಿಡಿದುಕೊಂಡಳು. "ದಿಂಬಿನಡಿ ಇಡೋಕೆ ಅಡ್ಡಿಯಿಲ್ಲ," ಎಂದಳು. "ತಿನ್ನೋಕೆ ಮಾತ್ರ ಆಗಲ್ಲ."

ಆನಾಬೆಲ್ ಒಳಗೆ ಬಂದಳು. ಕೂದಲಲ್ಲಿ ಕೇಕಿನ ಪುಡಿ, ಹಣೆಯ ಮೇಲೆ ಗೋಲಿಯಷ್ಟು ಊತ. ಪದ್ಧತಿಯಂತೆ ಬೆಂಕಿಗೂಡಿನ ಬಳಿ ನಿಂತಳು. ಹಿಂದೆಯೇ ಜನ ಬಾಗಿಲು ತುಂಬಿ ನಿಂತರು. ಮೇಜಿನ ಮೇಲೆ ಊಟ ಆರುತ್ತಿತ್ತು.

ಎಲ್ಸ್‌ಪೆಟ್ ಆತುರಪಡಲಿಲ್ಲ. ಬೆಂಕಿಯ ಮುಂದೆ ಮೊಣಕಾಲೂರಿದಳು. ಇಕ್ಕಳದಿಂದ ಒಂದು ಹೆಂಟೆಯನ್ನು ಎತ್ತಿ ನಿಲ್ಲಿಸಿದಳು. ಅದಕ್ಕೆ ಒರಗಿಸಿ ಇನ್ನೊಂದು. ಕೆಳಗಿನ ಬೂದಿ ಸರಿಸಿದಳು, ಗಾಳಿಗೆ ದಾರಿ ಮಾಡಿದಳು. ಉರಿದು ಸುಣ್ಣವಾದದ್ದನ್ನು ತೆಗೆದು ಬದಿಗಿಟ್ಟಳು. ಅವಳ ಬೆರಳಿಗೆ ಬಿಸಿ ತಾಗಲಿಲ್ಲ. ತಾಗದೆ ಇರುವುದು ಹೀಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಕಣ್ಣಿಗೆ ನೀರು ಬಂತು, ಹೊಗೆಯಿಂದ ಎಂದು ಯಾರಾದರೂ ಅಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ. ಉರಿ ಎದ್ದಿತು.

ಎದ್ದು ನಿಂತು ಸೊಸೆಯ ಕಡೆ ತಿರುಗಿದಳು. "ಇದನ್ನ ನಿನಗೆ ಕೊಡಬೇಕಾದವಳು ನಾನು. ಅವರಲ್ಲ. ಕೊಡಬೇಕು ಅಂದ್ರೆ ಮೊದಲು ನನ್ನ ಕೈಲಿರಬೇಕಿತ್ತು. ಅದಕ್ಕೇ ಇಷ್ಟೆಲ್ಲ ಆಯ್ತು. ನಿನ್ನ ಹಣೆ ಊದಿಸಿದ್ದು ನಂದೇ ತಪ್ಪು. ನಿನ್ನ ಬೆಣ್ಣೇಲಿ ಏನೂ ತಪ್ಪಿರ್ಲಿಲ್ಲ."

"ಗೊತ್ತು ಅತ್ತೆ," ಎಂದಳು ಆನಾಬೆಲ್. "ಕೈಗೆ ಕೊಟ್ಟಾಗಲೇ ಗೊತ್ತಾಯ್ತು. ಯಾರೋ ಚೆನ್ನಾಗಿ ಬೈದಿದ್ದಾರೆ ಇದನ್ನ ಅನ್ನಿಸ್ತು."

"ಇನ್ನು ಒಂದು ಮಾತು. ನಾಳೆ ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಕಾಯ್ಕೊಂಡು ಕೂರಬೇಡ."

"ಹಾಗಾದ್ರೆ ಈಗಲೇ ಕೊಡಿ," ಎಂದು ಹುಡುಗಿ ಕೈ ಚಾಚಿದಳು.

ಎಲ್ಸ್‌ಪೆಟ್ ಆ ಕೈಯನ್ನು ನೋಡಿದಳು. ಹಾಲಿನ ಪಾತ್ರೆ ತಿಕ್ಕಿ ಕೆಂಪಾದ, ಬಿಸಿನೀರು ಚೆಲ್ಲಿ ಗುರುತಾದ ಕೈ. ಬಿಗುಮಾನದಿಂದಲೋ ಸಂಕೋಚದಿಂದಲೋ ಅದು ಹಿಂದಕ್ಕೆ ಹೋಗಬಹುದೆಂದು ಕಾದಳು. ಹೋಗಲಿಲ್ಲ. ಎಲ್ಸ್‌ಪೆಟ್ ಇಕ್ಕಳ ಕೊಟ್ಟಳು. ಆನಾಬೆಲ್ ಬಗ್ಗಿ ಒಂದು ಹೆಂಟೆಯನ್ನು ತಿರುಗಿಸಿ ಇಟ್ಟಳು. ಅತ್ತೆ ನಿಲ್ಲಿಸಿದಷ್ಟು ಚೆನ್ನಾಗಿ ನಿಲ್ಲಲಿಲ್ಲ. ಎಲ್ಸ್‌ಪೆಟ್ ಅದನ್ನು ಸರಿಮಾಡಲು ಹೋಗಲಿಲ್ಲ. ಇಕ್ಕಳವನ್ನು ವಾಪಸ್ಸು ತೆಗೆದುಕೊಂಡು, ಬೆಂಕಿಗೂಡಿನ ಪಕ್ಕದ ಗೋಡೆಯಲ್ಲಿ ಎಷ್ಟೋ ಕಾಲದಿಂದ ಖಾಲಿಯಿದ್ದ ಮೊಳೆಗೆ ತೂಗುಹಾಕಿದಳು.

"ಇಲ್ಲಿರುತ್ತೆ. ಬೆಂಕಿ ಕೆಲಸ ಯಾರು ಮಾಡ್ತಾರೋ ಅವರು ತಗೊಳ್ಳಲಿ. ದಾರ ಕಟ್ಟೋದು ಬೇಡ."

ಜನ ಒಳಗೆ ನುಗ್ಗಿದರು. ಬೆಂಚು ಎಳೆದರು, ತಟ್ಟೆಗೆ ಕೈ ಹಾಕಿದರು, ಅಲಿಕ್‌ನ ಬೆನ್ನಿಗೆ ಗುದ್ದಿದರು. ಗದ್ದಲದ ನಡುವೆ ಮಂಚದಿಂದ ದನಿ ಬಂತು, ಹಳೆಯ ದನಿಯಲ್ಲೇ.

"ಎಲ್ಸ್‌ಪೆಟ್! ಇಕ್ಕಳ ತಾ ಇಲ್ಲಿ. ನನ್ನ ಕಾಲಿನ ಇಟ್ಟಿಗೆ ತಣ್ಣಗಾಗಿದೆ."

ಎಲ್ಸ್‌ಪೆಟ್ ಸೊಂಟದ ಮೇಲೆ ಕೈಯಿಟ್ಟು ಮಂಚದ ಮುಂದೆ ನಿಂತಳು. "ಕೇಳಿ ಅತ್ತೆ. ಕೇಳಿದ್ರೆ ಕೊಡ್ತೀನಿ."

"ಕೇಳಿದ್ನಲ್ಲ!"

"ಅದು ಅಪ್ಪಣೆ. ಕೇಳೋದು ಹೇಗೆ ಅಂತ ನಾನು ನಿಮಗೆ ತುಂಬಾ ಸಲ ತೋರಿಸಿದ್ದೀನಿ."

ಕರ್ಸ್ಟಿ ಅವಳನ್ನು ನೋಡಿದಳು. ಕೈ ಚಾಚಿ, ಮಂಚದ ಕದವನ್ನು ದಡಾರನೆ ಎಳೆದುಕೊಂಡಳು.

ಎಲ್ಸ್‌ಪೆಟ್ ಮೊಳೆಯಿಂದ ಇಕ್ಕಳ ತೆಗೆದುಕೊಂಡಳು. ಬೆಂಕಿಯ ಅಂಚಿನಲ್ಲಿ ಕಾದಿದ್ದ ಇನ್ನೊಂದು ಇಟ್ಟಿಗೆಯನ್ನು ಅದರಲ್ಲೇ ಎತ್ತಿ, ಚಿಂದಿ ಕಂಬಳಿಯಲ್ಲಿ ಸುತ್ತಿ, ಕದದ ಮೇಲೆ ಮೊಣಕೈಯಿಂದ ಬಡಿದಳು.

"ತೆಗೀರಿ," ಎಂದಳು. "ಸಿಟ್ಟು ನಿಮ್ಮ ಮೇಲೆ. ನಿಮ್ಮ ಕಾಲಿನ ಮೇಲಲ್ಲ."